ಪೊಕೆಮಾನ್‌ನ ಮರೆಯಲ್ಲಿರುವ 510 ಅಂಕಗಳು: ‘ಇವಿ’ ತರಬೇತಿಯ ಲೆಕ್ಕಾಚಾರ

ಎರಡು ಗಾರ್‌ಚಾಂಪ್‌ಗಳಿವೆ ಎಂದಿಟ್ಟುಕೊಳ್ಳೋಣ. ಎರಡೂ 50ನೇ ಮಟ್ಟ ತಲುಪಿವೆ. ಹುಟ್ಟಿನಿಂದ ಬಂದ ಗುಣಗಳು ಸಮಾನವಾಗಿವೆ, ಸ್ವಭಾವವೂ ಒಂದೇ ಆಗಿದೆ. ಆದರೆ ಒಂದರ ವೇಗ 169, ಮತ್ತೊಂದರದು ಕೇವಲ 134. ಎದುರಿಗೆ 167 ವೇಗದ ಚಾರಿಜಾರ್ಡ್ ನಿಂತಾಗ ಮೊದಲನೆಯ ಗಾರ್‌ಚಾಂಪ್ ಮುಂದಾಗಿ ಎರಗಿ, ಚಾರಿಜಾರ್ಡ್‌ಗೆ ನಾಲ್ಕು ಪಟ್ಟು ಹಾನಿ ಮಾಡುವ ಬಂಡೆಯ ಪ್ರಹಾರದಿಂದ ಅದನ್ನು ನೆಲಕ್ಕುರುಳಿಸಬಲ್ಲದು. ಎರಡನೆಯದು ಮೊದಲು ಪೆಟ್ಟು ತಿನ್ನಬೇಕಾಗುತ್ತದೆ. ಪರದೆಯ ಮೇಲೆ ನೋಡಿದವರಿಗೆ ಎರಡೂ ಒಂದೇ ಪ್ರಾಣಿ. ವ್ಯತ್ಯಾಸವೆಲ್ಲ ಅಡಗಿರುವುದು, ಆಟವು ಬಹುಕಾಲ ಆಟಗಾರರಿಗೆ ತೋರಿಸದೆಯೇ ಇದ್ದ ಒಂದು ಲೆಕ್ಕದ ಪುಸ್ತಕದಲ್ಲಿ.

ಆ ಲೆಕ್ಕದ ಹೆಸರು ‘ಎಫರ್ಟ್ ವ್ಯಾಲ್ಯೂ’. ಆಟಗಾರರ ಬಾಯಲ್ಲಿ ಅದು ‘ಇವಿ’. (ರಸ್ತೆಯಲ್ಲಿ ಸದ್ದಿಲ್ಲದೆ ಸಾಗುವ ವಿದ್ಯುತ್ ವಾಹನಕ್ಕೂ ಇದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ.) ಜಪಾನಿನ ಆಟಗಾರರು ಇದನ್ನು ‘ದೊರ್ಯೊಕುಚಿ’ ಎನ್ನುತ್ತಾರೆ, ಶ್ರಮದ ಮೌಲ್ಯ ಎಂಬುದು ಅದರ ಅರ್ಥ. ಪೊಕೆಮಾನ್ ಆಟದ ಕಥೆಯನ್ನು ಮುಗಿಸಲು ಇದರ ಅರಿವು ಬೇಕಿಲ್ಲ. ಆದರೆ ಮನುಷ್ಯರ ವಿರುದ್ಧ ಆಡುವ ಸ್ಪರ್ಧೆಗೆ ಕಾಲಿಟ್ಟವರಿಗೆ ಇದನ್ನು ಬಿಟ್ಟು ಗತಿಯಿಲ್ಲ.

ಮೂರು ಪದರಗಳು

ಪ್ರತಿಯೊಂದು ಪೊಕೆಮಾನ್‌ಗೂ ಆರು ಸಾಮರ್ಥ್ಯಗಳಿವೆ. ಎಚ್‌ಪಿ ಎಂಬ ಪ್ರಾಣಶಕ್ತಿ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ ಹಾಗೂ ವೇಗ. 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ನಿಂಟೆಂಡೊ ಗೇಮ್‌ಬಾಯ್‌ಗಾಗಿ ಬಿಡುಗಡೆಯಾದ ಮೊದಲ ಆಟಗಳಾದ ರೆಡ್ ಮತ್ತು ಗ್ರೀನ್‌ನಲ್ಲಿ ಐದೇ ಇದ್ದವು. ‘ವಿಶೇಷ’ ಎಂಬ ಒಂದೇ ಸಾಮರ್ಥ್ಯವನ್ನು 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳು ದಾಳಿ ಹಾಗೂ ರಕ್ಷಣೆ ಎಂದು ಎರಡಾಗಿ ಒಡೆದವು.

ಈ ಆರೂ ಅಂಕಿಗಳನ್ನು ನಿರ್ಧರಿಸುವುದು ಮೂರು ಪದರಗಳು. ಮೊದಲನೆಯದು ಜಾತಿಯ ಮೂಲಾಂಕ. ಗಾರ್‌ಚಾಂಪ್‌ನ ವೇಗದ ಮೂಲಾಂಕ 102, ಚಾರಿಜಾರ್ಡ್‌ನದು 100, ಪಿಕಾಚುವಿನದು 90. ಇದನ್ನು ಯಾರೂ ಬದಲಿಸಲಾಗದು. ಎರಡನೆಯದು ಆಟಗಾರರು ‘ಐವಿ’ ಎಂದು ಕರೆಯುವ ಹುಟ್ಟುಗುಣ. ಪ್ರತಿ ಪೊಕೆಮಾನ್‌ಗೂ ಪ್ರತಿ ಸಾಮರ್ಥ್ಯದಲ್ಲಿ 0ಯಿಂದ 31ರವರೆಗಿನ ಒಂದು ಅಂಕಿ ಹುಟ್ಟುತ್ತಲೇ ಬರುತ್ತದೆ. ಮೂರನೆಯದೇ ಇವಿ. ಇದು ಮಾತ್ರ ಹುಟ್ಟಿನಿಂದ ಬರುವುದಲ್ಲ, ಸಾಕಿದವರ ಕೈಯಿಂದ ಬರುವುದು. ಇವುಗಳ ಮೇಲೆ ‘ನೇಚರ್’ ಎಂಬ ಸ್ವಭಾವದ ಲೇಪವಿದೆ. ಒಟ್ಟು 25 ಸ್ವಭಾವಗಳ ಪೈಕಿ 20 ಸ್ವಭಾವಗಳು ಒಂದು ಸಾಮರ್ಥ್ಯವನ್ನು ಶೇ. 10ರಷ್ಟು ಹೆಚ್ಚಿಸಿ ಮತ್ತೊಂದನ್ನು ಅಷ್ಟೇ ತಗ್ಗಿಸುತ್ತವೆ. ಉಳಿದ ಐದು ತಟಸ್ಥ.

ಲೆಕ್ಕ ಹೀಗಿದೆ. ಮೂಲಾಂಕವನ್ನು ಇಮ್ಮಡಿಸಿ ಅದಕ್ಕೆ ಐವಿಯನ್ನೂ ಇವಿಯ ನಾಲ್ಕನೆಯ ಒಂದು ಭಾಗವನ್ನೂ ಕೂಡಿಸಬೇಕು. ಬಂದ ಮೊತ್ತವನ್ನು ಮಟ್ಟದಿಂದ ಗುಣಿಸಿ 100ರಿಂದ ಭಾಗಿಸಬೇಕು. 5 ಸೇರಿಸಿ, ಕೊನೆಗೆ ಸ್ವಭಾವದ ಶೇಕಡಾವಾರನ್ನು ಅನ್ವಯಿಸಬೇಕು. ಪ್ರತಿ ಹಂತದಲ್ಲೂ ಭಿನ್ನರಾಶಿ ಬಂದರೆ ಅದನ್ನು ಕೈಬಿಡಲಾಗುತ್ತದೆ. ಎಚ್‌ಪಿಗೆ ಮಾತ್ರ 5ರ ಬದಲಿಗೆ ಮಟ್ಟದ ಜತೆ 10 ಸೇರಿಸಬೇಕು, ಸ್ವಭಾವದ ಪ್ರಭಾವ ಅಲ್ಲಿಲ್ಲ. ಗಾರ್‌ಚಾಂಪ್‌ನ ಉದಾಹರಣೆಯಲ್ಲಿ 204, 31 ಮತ್ತು 63 ಸೇರಿ 298. 50ನೇ ಮಟ್ಟದಲ್ಲಿ ಅದರ ಅರ್ಧ 149. ಐದು ಕೂಡಿಸಿದರೆ 154. ವೇಗ ಹೆಚ್ಚಿಸುವ ‘ಜಾಲಿ’ ಸ್ವಭಾವವಿದ್ದರೆ 169. ಇವಿಯಿಂದ ಬಂದ ಆ 63ನ್ನು ತೆಗೆದುಹಾಕಿದರೆ ಉಳಿಯುವುದು 134.

ಮಿತಿ ಬಂದ ಬಗೆ

ಇವಿ ಪದ್ಧತಿ ಇಂದಿನ ರೂಪಕ್ಕೆ ಬಂದದ್ದು 2002ರ ನವೆಂಬರ್‌ನಲ್ಲಿ ಬಿಡುಗಡೆಯಾದ ರೂಬಿ ಮತ್ತು ಸಫೈರ್ ಆಟಗಳಲ್ಲಿ. ಅದಕ್ಕೂ ಮುನ್ನ ಇದ್ದ ವ್ಯವಸ್ಥೆ ಬೇರೆಯೇ. ಸೋಲಿಸಿದ ಪೊಕೆಮಾನ್‌ನ ಮೂಲಾಂಕಗಳೇ ಗೆದ್ದ ಪೊಕೆಮಾನ್‌ನ ಖಾತೆಗೆ ಜಮೆಯಾಗುತ್ತಿದ್ದವು. ಪ್ರತಿ ಸಾಮರ್ಥ್ಯಕ್ಕೂ 65,535ರವರೆಗೆ ಸಂಗ್ರಹಿಸಲು ಅವಕಾಶವಿತ್ತು, ಒಟ್ಟು ಮೊತ್ತಕ್ಕೆ ಯಾವ ಮಿತಿಯೂ ಇರಲಿಲ್ಲ. ತಾಳ್ಮೆಯಿಂದ ಕಾದಾಡಿಸುತ್ತಾ ಹೋದರೆ ಎಲ್ಲ ಸಾಮರ್ಥ್ಯಗಳೂ ತುಂಬಿ ತುಳುಕುತ್ತಿದ್ದವು. ಹೀಗಾಗಿ ಚೆನ್ನಾಗಿ ಸಾಕಿದ ಎರಡು ಪೊಕೆಮಾನ್‌ಗಳು ಕೊನೆಗೆ ಒಂದರಂತೆಯೇ ಇನ್ನೊಂದು ಆಗಿಬಿಡುತ್ತಿದ್ದವು.

2002ರ ಬದಲಾವಣೆ ಸಣ್ಣದೆಂದು ತೋರಿದರೂ ಅದರ ಪರಿಣಾಮ ದೊಡ್ಡದು. ಒಂದು ಪೊಕೆಮಾನ್ ಗಳಿಸಬಹುದಾದ ಇವಿಗಳ ಒಟ್ಟು ಮೊತ್ತ 510ಕ್ಕೆ ಸೀಮಿತವಾಯಿತು. ಒಂದು ಸಾಮರ್ಥ್ಯಕ್ಕೆ ಗರಿಷ್ಠ 255 ಎಂದು ನಿಗದಿಯಾಯಿತು. ಅಂದರೆ ಆರರಲ್ಲಿ ಎರಡನ್ನು ಮಾತ್ರ ಪೂರ್ಣವಾಗಿ ಬೆಳೆಸಬಹುದು. ಎಲ್ಲವನ್ನೂ ಪಡೆಯುವ ಹಾದಿ ಮುಚ್ಚಿದ್ದರಿಂದ ಆಯ್ಕೆ ಅನಿವಾರ್ಯವಾಯಿತು. ಒಂದೇ ಜಾತಿಯ ಪೊಕೆಮಾನ್ ಒಬ್ಬರ ಕೈಯಲ್ಲಿ ಗೋಡೆಯಾಗಿ, ಮತ್ತೊಬ್ಬರ ಕೈಯಲ್ಲಿ ಬಾಣವಾಗಿ ರೂಪುಗೊಳ್ಳುವಂತಾದದ್ದು ಈ ಮಿತಿಯಿಂದಲೇ.

ನಾಲ್ಕು ಇವಿ ಸೇರಿದರೆ 100ನೇ ಮಟ್ಟದಲ್ಲಿ ಸಾಮರ್ಥ್ಯ ಒಂದು ಅಂಕ ಏರುತ್ತದೆ. 255 ನಾಲ್ಕರಿಂದ ಭಾಗವಾಗದ ಸಂಖ್ಯೆ. ಎರಡು ಸಾಮರ್ಥ್ಯಗಳಿಗೆ 255ರಂತೆ ತುಂಬಿದವರು 510ನ್ನೂ ಖಾಲಿ ಮಾಡಿಕೊಂಡು ತಲಾ 63 ಅಂಕಗಳನ್ನಷ್ಟೇ ಪಡೆಯುತ್ತಿದ್ದರು. 252ಕ್ಕೆ ನಿಲ್ಲಿಸಿದವರಿಗೂ ಅಷ್ಟೇ 63 ಅಂಕ ದೊರೆಯುತ್ತಿತ್ತು, ಜತೆಗೆ ಮೂರನೆಯ ಸಾಮರ್ಥ್ಯಕ್ಕೆ ಒಂದು ಅಂಕ ಉಳಿಯುತ್ತಿತ್ತು. ಆಟಗಾರರ ಮಾತಿನಲ್ಲಿ ಇಂದಿಗೂ ಕೇಳಿಬರುವ ‘252, 252, 4’ ಎಂಬ ಮಂತ್ರದ ಮೂಲ ಇದು. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಗರಿಷ್ಠ ಮಿತಿಯನ್ನೇ 252ಕ್ಕೆ ಇಳಿಸಲಾಯಿತು.

ಪೊಕೆಮಾನ್ ವಿಶ್ವ ಚಾಂಪಿಯನ್‌ಶಿಪ್‌ನ ವಿಡಿಯೋ ಗೇಮ್ ವಿಭಾಗ 2009ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಆರಂಭವಾಯಿತು. ಈ ಸ್ಪರ್ಧೆಗಳ ಹೋರಾಟ 50ನೇ ಮಟ್ಟದ್ದು. ಅಲ್ಲಿ ಲೆಕ್ಕ ತುಸು ಬೇರೆ. ಐವಿ 31 ಇದ್ದರೆ ಮೊದಲ 4 ಇವಿಗೆ ಒಂದು ಅಂಕ ದಕ್ಕುತ್ತದೆ. ಬಳಿಕ ಪ್ರತಿ 8ಕ್ಕೆ ಒಂದು. ಆದ್ದರಿಂದ 4, 12, 20, 28 ಎಂಬ ಮೆಟ್ಟಿಲುಗಳಲ್ಲಿ ಮಾತ್ರ ನಿಲ್ಲಬೇಕು. ನಡುವೆ ನಿಂತರೆ ಹೆಚ್ಚುವರಿ ಇವಿಗಳು ನೀರಿನಲ್ಲಿ ಹೋಮ ಮಾಡಿದಂತೆ. 252ರವರೆಗೆ ಏರಿದರೆ ಒಟ್ಟು 32 ಅಂಕ ಲಭ್ಯ.

ಹಕ್ಕಿ, ಇಲಿ, ಮೀನು

ಇವಿ ದೊರೆಯುವುದು ಸೋಲಿಸಿದ ಪೊಕೆಮಾನ್‌ನಿಂದ. ಪ್ರತಿ ಜಾತಿಯೂ ನಿಗದಿತ ಸಾಮರ್ಥ್ಯದಲ್ಲಿ ಒಂದರಿಂದ ಮೂರು ಇವಿ ಕೊಡುತ್ತದೆ. ಪಿಡ್ಜಿ, ರಟಾಟಾ, ಝೂಬ್ಯಾಟ್ ಮತ್ತು ಮ್ಯಾಗಿಕಾರ್ಪ್ ವೇಗದಲ್ಲಿ ಒಂದು ನೀಡಿದರೆ ಪಿಕಾಚು ಎರಡು ನೀಡುತ್ತದೆ. ಮಚಾಪ್ ದಾಳಿಗೆ, ಜಿಯೋಡ್ಯೂಡ್ ರಕ್ಷಣೆಗೆ, ಗ್ಯಾಸ್ಟ್ಲಿ ವಿಶೇಷ ದಾಳಿಗೆ, ಟೆಂಟಕೂಲ್ ವಿಶೇಷ ರಕ್ಷಣೆಗೆ, ಕ್ಯಾಟರ್‌ಪಿ ಎಚ್‌ಪಿಗೆ ತಲಾ ಒಂದು. ಚಾನ್ಸಿ ಎಚ್‌ಪಿಯಲ್ಲಿ ಎರಡು ಕೊಡುತ್ತದೆ, ಅದರ ವಿಕಸಿತ ರೂಪ ಬ್ಲಿಸ್ಸಿ ಮೂರು.

ಹೀಗಿರುವಾಗ ಆಟದ ಕಥೆಯಲ್ಲಿ ಸಿಕ್ಕಸಿಕ್ಕವರೊಡನೆ ಕಾದಾಡಿದರೆ ಆಗುವುದೇನು? ಆರೂ ಸಾಮರ್ಥ್ಯಗಳಿಗೆ ಚೂರುಚೂರು ಇವಿ ಹಂಚಿಹೋಗಿ 510ರ ಮಿತಿ ಮುಟ್ಟಿಬಿಡುತ್ತದೆ. ಪೊಕೆಮಾನ್‌ನ ಮಟ್ಟ 100 ಆಗಿರಬಹುದು, ಪರದೆಯ ಮೇಲೆ ಅದು ಭವ್ಯವಾಗಿಯೇ ಕಾಣಬಹುದು. ಆದರೆ ಸ್ಪರ್ಧೆಯಲ್ಲಿ ಅದು ಯಾವ ಕೆಲಸಕ್ಕೂ ಪೂರ್ಣವಾಗಿ ಒದಗದು. ತಿಂಗಳುಗಟ್ಟಲೆ ಜತೆಗಿದ್ದ ನೆಚ್ಚಿನ ಪೊಕೆಮಾನ್ ಮೊದಲ ಪಂದ್ಯದಲ್ಲೇ ಅಪರಿಚಿತರ ಎದುರು ಉರುಳಿ ಬೀಳುವುದನ್ನು ಕಂಡು ಕಂಗೆಡುವ ಹೊಸಬರಿಗೆ, ತಪ್ಪೆಲ್ಲಿ ಎಂದು ಹೇಳುವ ಒಂದೇ ಒಂದು ಸಾಲು ಹಳೆಯ ಆಟಗಳ ಪರದೆಯಲ್ಲಿ ಇರಲಿಲ್ಲ.

ಆದ್ದರಿಂದ ತರಬೇತಿಯ ಮೊದಲ ಪಾಠ ಸ್ಥಳದ ಆಯ್ಕೆ. ಒಂದೇ ಬಗೆಯ ಇವಿ ಕೊಡುವ ಪೊಕೆಮಾನ್‌ಗಳು ಮಾತ್ರ ಸಿಗುವ ಜಾಗ ಬೇಕು. 2004ರ ಫೈರ್‌ರೆಡ್ ಆಟದ ಮೊಟ್ಟಮೊದಲ ದಾರಿಯಲ್ಲಿ ಎದುರಾಗುವುದು ಪಿಡ್ಜಿ ಮತ್ತು ರಟಾಟಾ ಎರಡೇ, ಎರಡೂ ವೇಗವನ್ನೇ ಕೊಡುತ್ತವೆ. ಅದೇ ಆಟದಲ್ಲಿ ಹಳೆಯ ಗಾಳವನ್ನು ನೀರಿಗೆ ಬಿಟ್ಟರೆ ಸಿಗುವುದು ಮ್ಯಾಗಿಕಾರ್ಪ್ ಮಾತ್ರ. ಪಟಪಟನೆ ಒದ್ದಾಡುವುದರ ಹೊರತು ಬೇರೇನೂ ಮಾಡದ ಈ ಬಡಪಾಯಿ ಮೀನು ವೇಗದ ತರಬೇತಿಗೆ ಹೇಳಿ ಮಾಡಿಸಿದಂತಿದೆ. ಮೌಂಟ್ ಮೂನ್ ಗುಹೆಯಲ್ಲಾದರೆ ಝೂಬ್ಯಾಟ್‌ಗಳ ನಡುವೆ ಜಿಯೋಡ್ಯೂಡ್ ಬರುತ್ತದೆ. ಅದನ್ನು ಸೋಲಿಸದೆ ಓಡಿಹೋಗಬೇಕು, ಇಲ್ಲವಾದರೆ ಲೆಕ್ಕ ಕೆಡುತ್ತದೆ.

ಈಗ ಶ್ರಮದ ಪ್ರಮಾಣ ಗಮನಿಸಬೇಕು. ತಲಾ ಒಂದರಂತೆ 252 ಇವಿ ಪಡೆಯಲು 252 ಕಾದಾಟಗಳು. ಒಂದಕ್ಕೆ ಒಂದೇ ನಿಮಿಷ ಹಿಡಿದರೂ ನಾಲ್ಕು ಗಂಟೆ 12 ನಿಮಿಷ. ಎರಡು ಸಾಮರ್ಥ್ಯಕ್ಕೆ ಎಂಟೂವರೆ ಗಂಟೆಗೆ ಸಮೀಪ. ಆರು ಪೊಕೆಮಾನ್‌ಗಳ ತಂಡ ಕಟ್ಟಲು 50 ಗಂಟೆ ಮೀರುತ್ತದೆ. ಎಣಿಕೆ ತಪ್ಪದಂತೆ ಕಾಗದದ ಮೇಲೆ ಗೀಟು ಎಳೆದುಕೊಳ್ಳುತ್ತಾ ಕೂರಬೇಕಿತ್ತು. ಒಂದು ಗೀಟು ತಪ್ಪಿದರೆ ಅದು ಯಾವುದೆಂದು ಕಂಡುಹಿಡಿಯುವ ಉಪಾಯವಿರಲಿಲ್ಲ. ರೂಬಿ, ಸಫೈರ್ ಆಟಗಳಲ್ಲಿ ಸ್ಲೇಟ್‌ಪೋರ್ಟ್ ಪಟ್ಟಣದ ಮಾರುಕಟ್ಟೆಯಲ್ಲಿ ಒಬ್ಬಾಕೆ, 510 ಇವಿ ತುಂಬಿದ ಪೊಕೆಮಾನ್‌ಗೆ ‘ಎಫರ್ಟ್ ರಿಬ್ಬನ್’ ಕೊಡುತ್ತಿದ್ದಳು. ಪರೀಕ್ಷೆ ಮುಗಿದಿದೆ ಎನ್ನುವುದಕ್ಕೆ ಅದೇ ಪ್ರಮಾಣಪತ್ರ. ಅಂಕಪಟ್ಟಿ ಮಾತ್ರ ಸಿಗುತ್ತಿರಲಿಲ್ಲ.

ಸಮಯ ಉಳಿಸುವ ಸಾಧನಗಳು

ಈ ಹೊರೆಯನ್ನು ಇಳಿಸಲು ಆಟದೊಳಗೇ ಹಲವು ಸಾಧನಗಳಿವೆ. 2002ರಲ್ಲಿ ಬಂದ ‘ಮ್ಯಾಚೊ ಬ್ರೇಸ್’ ಎಂಬ ಪಟ್ಟಿ ಧರಿಸಿದ ಪೊಕೆಮಾನ್‌ಗೆ ಇವಿ ಇಮ್ಮಡಿ ದೊರೆಯುತ್ತದೆ, ಕಾದಾಟದಲ್ಲಿ ಅದರ ವೇಗ ಮಾತ್ರ ಅರ್ಧಕ್ಕಿಳಿಯುತ್ತದೆ. 252 ಕಾದಾಟಗಳು 126ಕ್ಕೆ ಇಳಿದವು. 2006ರ ಡೈಮಂಡ್ ಮತ್ತು ಪರ್ಲ್ ಆಟಗಳು ಆರು ಸಾಮರ್ಥ್ಯಗಳಿಗೂ ಪ್ರತ್ಯೇಕ ‘ಪವರ್’ ಸಾಧನಗಳನ್ನು ತಂದವು. ವೇಗಕ್ಕೆ ‘ಪವರ್ ಆಂಕ್ಲೆಟ್’, ದಾಳಿಗೆ ‘ಪವರ್ ಬ್ರೇಸರ್’, ಎಚ್‌ಪಿಗೆ ‘ಪವರ್ ವೇಟ್’ ಇತ್ಯಾದಿ. ಎದುರಾಳಿ ಯಾವುದೇ ಇರಲಿ, ಇವು ಆಯಾ ಸಾಮರ್ಥ್ಯಕ್ಕೆ 4 ಇವಿ ಸೇರಿಸುತ್ತಿದ್ದವು. ಪಿಡ್ಜಿಯಂಥ ಹಕ್ಕಿಯಿಂದಲೂ ಒಟ್ಟು 5 ಸಿಗುವುದರಿಂದ 51 ಕಾದಾಟ ಸಾಕಾಯಿತು. 2016ರ ಸನ್ ಮತ್ತು ಮೂನ್‌ನಲ್ಲಿ ಈ 4ನ್ನು 8ಕ್ಕೆ ಏರಿಸಲಾಯಿತು. ಆಗ ಕಾದಾಟವೊಂದಕ್ಕೆ 9 ಇವಿ, 28 ಕಾದಾಟಗಳಿಗೆ ಸರಿಯಾಗಿ 252.

ಇದಕ್ಕಿಂತ ವಿಚಿತ್ರವಾದದ್ದು ‘ಪೊಕೆರಸ್’. ಇದೊಂದು ಸೋಂಕು, ಆದರೆ ಬಯಸಿ ಅಂಟಿಸಿಕೊಳ್ಳುವಂಥ ಸೋಂಕು. 1999ರ ಗೋಲ್ಡ್, ಸಿಲ್ವರ್‌ನಲ್ಲಿ ಮೊದಲು ಕಾಣಿಸಿಕೊಂಡ ಇದು ತಗುಲಿದ ಪೊಕೆಮಾನ್‌ಗೆ ಸಿಗುವ ಇವಿಗಳೆಲ್ಲ ಇಮ್ಮಡಿಯಾಗುತ್ತಿದ್ದವು. ಒಂದು ಕಾದಾಟದ ನಂತರ ಇದು ತಾನಾಗಿ ತಗುಲುವ ಸಾಧ್ಯತೆ 65,536ರಲ್ಲಿ 3. ತಂಡದಲ್ಲಿ ಪಕ್ಕದಲ್ಲಿರುವವುಗಳಿಗೆ ಹರಡುತ್ತದೆ, ಕೆಲ ದಿನಗಳಲ್ಲಿ ಗುಣವಾಗುತ್ತದೆ. ಗುಣವಾದ ಬಳಿಕ ಬೇರೆಯವಕ್ಕೆ ಅಂಟದು, ಆದರೆ ಆ ಪೊಕೆಮಾನ್‌ಗೆ ಇಮ್ಮಡಿ ಲಾಭ ಶಾಶ್ವತ. ಕಂಪ್ಯೂಟರ್ ಪೆಟ್ಟಿಗೆಯಲ್ಲಿಟ್ಟರೆ ಸೋಂಕಿನ ದಿನಗಣನೆ ನಿಂತುಹೋಗುತ್ತದೆ. ಆದ್ದರಿಂದ ಬಲ್ಲವರು ಸೋಂಕಿತ ಪೊಕೆಮಾನ್ ಒಂದನ್ನು ಹೆಪ್ಪಿನಂತೆ ಪೆಟ್ಟಿಗೆಯಲ್ಲಿ ಉಳಿಸಿಕೊಂಡು, ಬೇಕಾದಾಗ ಹೊರತೆಗೆದು ಹೊಸಬರಿಗೆ ಅಂಟಿಸುತ್ತಿದ್ದರು. ಗೆಳೆಯರ ನಡುವೆ ಇದರ ವಿನಿಮಯವೂ ಧಾರಾಳವಾಗಿತ್ತು. 2022ರ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳಿಂದ ಪೊಕೆರಸ್ ಅನ್ನು ಕೈಬಿಡಲಾಗಿದೆ.

ಎಕ್ಸ್ ಮತ್ತು ವೈ ಆಟಗಳಲ್ಲಿ ಒಂದೇ ಕಾದಾಟದಲ್ಲಿ ಐದು ಕಾಡು ಪೊಕೆಮಾನ್‌ಗಳು ಹಿಂಡಾಗಿ ಎರಗುವ ವ್ಯವಸ್ಥೆ ಬಂತು. ಪವರ್ ಸಾಧನ ಮತ್ತು ಪೊಕೆರಸ್ ಎರಡೂ ಇದ್ದರೆ ಒಂದು ಹಿಂಡಿಗೆ 50 ಇವಿ. ಐದು ಹಿಂಡುಗಳನ್ನು ಸೋಲಿಸಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಸನ್ ಮತ್ತು ಮೂನ್‌ನಲ್ಲಿ ಹಿಂಡುಗಳಿಲ್ಲ, ಬದಲಿಗೆ ಕಾಡು ಪೊಕೆಮಾನ್ ನೆರವಿಗಾಗಿ ಕೂಗಿ ಕರೆಯುತ್ತದೆ. ಹಾಗೆ ಓಡಿಬಂದ ಪೊಕೆಮಾನ್ ಇಮ್ಮಡಿ ಇವಿ ನೀಡುತ್ತದೆ. 9ರ ಎರಡು ಪಟ್ಟು, ಅದರ ಮೇಲೆ ಪೊಕೆರಸ್‌ನ ಎರಡು ಪಟ್ಟು ಸೇರಿ 36. ಏಳು ಪೊಕೆಮಾನ್‌ಗಳಿಗೆ 252. 2002ರಲ್ಲಿ ಒಂದು ಸಂಜೆಯಿಡೀ ನುಂಗುತ್ತಿದ್ದ ಕೆಲಸ ಚಹಾ ಕುಡಿಯುವಷ್ಟು ಹೊತ್ತಿಗೆ ಇಳಿಯಿತು.

ಇನ್ನೊಂದು ನಿಯಮ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಳೆಯ ಆಟಗಳಲ್ಲಿ ಕಾದಾಟದ ಅನುಭವದ ಅಂಕಗಳು ಭಾಗವಹಿಸಿದವರಲ್ಲಿ ಹಂಚಿಕೆಯಾಗುತ್ತಿದ್ದವು, ಇವಿ ಮಾತ್ರ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ಸಲ್ಲುತ್ತಿತ್ತು. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಿಂದೀಚೆಗೆ ತಂಡದ ಎಲ್ಲ ಸದಸ್ಯರಿಗೂ ಲಾಭ ಹರಡುವುದು ಕಡ್ಡಾಯ. ಬಲಶಾಲಿ ಪೊಕೆಮಾನ್ ಒಂದನ್ನು ಕಾದಾಡಲು ಬಿಟ್ಟು, ಹಿಂದೆ ಕುಳಿತ ಐದಕ್ಕೂ ಬೇರೆಬೇರೆ ಪವರ್ ಸಾಧನ ತೊಡಿಸಿದರೆ ಐದೂ ಏಕಕಾಲಕ್ಕೆ ತಮ್ಮತಮ್ಮ ದಿಕ್ಕಿನಲ್ಲಿ ಬೆಳೆಯುತ್ತವೆ. ಇದೇ ನಿಯಮಕ್ಕೆ ಇನ್ನೊಂದು ಮುಖವೂ ಉಂಟು. ಸ್ಪರ್ಧೆಗೆಂದು ಕಾದಿಟ್ಟ ಪೊಕೆಮಾನ್ ತಂಡದಲ್ಲಿ ಸುಮ್ಮನೆ ಕುಳಿತಿದ್ದರೂ ಬೇಡದ ಇವಿ ಅದರ ಖಾತೆಗೆ ಸೇರುತ್ತದೆ. ಅಂಥವನ್ನು ಪೆಟ್ಟಿಗೆಯಲ್ಲಿಡುವುದೇ ಕ್ಷೇಮ.

ಪ್ರೊಟೀನ್, ಐರನ್, ಕ್ಯಾಲ್ಸಿಯಂ

ಔಷಧದಂಗಡಿಯ ಕಪಾಟಿನಿಂದ ಎತ್ತಿಕೊಂಡಂತಿರುವ ಹೆಸರುಗಳಿವು. ದಾಳಿಗೆ ಪ್ರೊಟೀನ್, ರಕ್ಷಣೆಗೆ ಐರನ್, ವಿಶೇಷ ದಾಳಿಗೆ ಕ್ಯಾಲ್ಸಿಯಂ, ವಿಶೇಷ ರಕ್ಷಣೆಗೆ ಝಿಂಕ್, ವೇಗಕ್ಕೆ ಕಾರ್ಬೋಸ್, ಪ್ರಾಣಶಕ್ತಿಗೆ ಎಚ್‌ಪಿ ಅಪ್. ಪ್ರತಿ ಶೀಶೆಗೆ 10 ಇವಿ. ಬಹುಕಾಲ ಇವುಗಳಿಗೊಂದು ಕಟ್ಟಳೆಯಿತ್ತು. ಒಂದು ಸಾಮರ್ಥ್ಯದ ಇವಿ 100 ಮುಟ್ಟಿದ ಮೇಲೆ ಶೀಶೆ ಕೆಲಸ ಮಾಡುತ್ತಿರಲಿಲ್ಲ. ಆದ್ದರಿಂದ ಕಾದಾಟಕ್ಕೆ ಇಳಿಯುವ ಮುನ್ನವೇ ಹತ್ತು ಶೀಶೆ ಕುಡಿಸಬೇಕಿತ್ತು, ಕ್ರಮ ತಿರುವುಮುರುವಾದರೆ ಹಣ ಉಳಿಯುತ್ತಿತ್ತೇ ಹೊರತು ಸಮಯವಲ್ಲ. 9,800ರ ದರದಲ್ಲಿ ಹತ್ತು ಶೀಶೆಗೆ ಆಟದ ಹಣ 98,000. ಉಳಿದ 152 ಇವಿಯನ್ನು 4ರ ಪವರ್ ಸಾಧನದೊಡನೆ 31 ಕಾದಾಟಗಳಲ್ಲಿ ಪೂರೈಸಬಹುದಿತ್ತು.

ಸ್ವೋರ್ಡ್ ಮತ್ತು ಶೀಲ್ಡ್ ಆಟಗಳು 100ರ ಕಟ್ಟಳೆಯನ್ನು ತೆಗೆದುಹಾಕಿದವು. ಶೀಶೆಯ ಬೆಲೆ ಅಲ್ಲಿ 10,000. 26 ಶೀಶೆ ಕುಡಿಸಿದರೆ ಒಂದು ಸಾಮರ್ಥ್ಯ ತುಂಬುತ್ತದೆ. ಎರಡಕ್ಕೆ 5,20,000. ಒಂದೇ ಒಂದು ಕಾದಾಟವೂ ಇಲ್ಲದೆ ಪೊಕೆಮಾನ್ ಸ್ಪರ್ಧೆಗೆ ಸಿದ್ಧ. ಸ್ಕಾರ್ಲೆಟ್, ವೈಲೆಟ್‌ನಲ್ಲಿ ಅಕಾಡೆಮಿ ಏಸ್ ಪಂದ್ಯಾವಳಿಯನ್ನು ಮತ್ತೆಮತ್ತೆ ಗೆದ್ದು ಇಷ್ಟು ಹಣ ಹೊಂದಿಸುವುದು ಕಷ್ಟವೇನಲ್ಲ. ‘ಶ್ರಮದ ಮೌಲ್ಯ’ ಎಂಬ ಹೆಸರಿಗೆ ಇದು ಒಪ್ಪುವುದೇ ಎಂದು ಹಳಬರು ಗೊಣಗಬಹುದು. ಆದರೆ ಶಾಲೆ, ಕಚೇರಿ ಮುಗಿಸಿ ದಿನಕ್ಕೊಂದು ಗಂಟೆ ಆಡುವವರಿಗೆ ಸ್ಪರ್ಧೆಯ ಬಾಗಿಲು ತೆರೆದದ್ದು ಈ ಬದಲಾವಣೆಯೇ. 2010ರ ಬ್ಲ್ಯಾಕ್ ಮತ್ತು ವೈಟ್‌ನಲ್ಲಿ ಬಂದ ಗರಿಗಳು ತಲಾ ಒಂದೇ ಇವಿ ನೀಡುತ್ತವೆ, ಕೊನೆಯ ಎರಡು ಮೂರು ಅಂಕ ಸರಿದೂಗಿಸಲು ಅವು ಉಪಯುಕ್ತ.

ಇಲ್ಲಿಯೇ ಒಂದು ಹಳೆಯ ನಂಬಿಕೆಯನ್ನೂ ಪರಿಶೀಲಿಸಬಹುದು. ‘ರೇರ್ ಕ್ಯಾಂಡಿ’ ತಿನ್ನಿಸಿ ಮಟ್ಟ ಏರಿಸಿದ ಪೊಕೆಮಾನ್ ದುರ್ಬಲವಾಗುತ್ತದೆ ಎಂಬ ಮಾತು ಮಕ್ಕಳ ವಲಯದಲ್ಲಿ ದಶಕಗಳಿಂದ ಚಾಲ್ತಿಯಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ. ಕ್ಯಾಂಡಿ ಯಾವುದನ್ನೂ ಕಸಿದುಕೊಳ್ಳುವುದಿಲ್ಲ, ಆದರೆ ಅದು ಇವಿಯನ್ನೂ ಕೊಡುವುದಿಲ್ಲ. ಕಾದಾಡಿ 50ನೇ ಮಟ್ಟಕ್ಕೆ ಬಂದ ಪೊಕೆಮಾನ್ ದಾರಿಯಲ್ಲಿ ಇವಿ ಗಳಿಸಿರುತ್ತದೆ, ಕ್ಯಾಂಡಿ ತಿಂದು ಬಂದದ್ದರ ಖಾತೆ ಬರಿದಾಗಿರುತ್ತದೆ. ನಂತರ ತರಬೇತಿ ಕೊಟ್ಟರೆ ಅದೂ ಸಮನಾಗುತ್ತದೆ. ವಾಸ್ತವವಾಗಿ ಬರಿದಾದ ಖಾತೆಯೇ ತರಬೇತುದಾರನಿಗೆ ಹೆಚ್ಚು ಅನುಕೂಲ. ಒಂದು ಎಚ್ಚರಿಕೆ ಮಾತ್ರ ಬೇಕು: 2010ಕ್ಕೂ ಹಿಂದಿನ, 2002ರ ನಂತರದ ಆಟಗಳಲ್ಲಿ 100ನೇ ಮಟ್ಟ ಮುಟ್ಟಿದ ಪೊಕೆಮಾನ್‌ಗೆ ಕಾದಾಟದಿಂದ ಇವಿ ಸಿಗದು.

ಎಲ್ಲಿ ಹೂಡಬೇಕು?

ಸಂಪಾದಿಸುವುದಕ್ಕಿಂತ ಹಂಚುವುದು ಕಠಿಣ. ಬಲವಿದ್ದಲ್ಲಿಯೇ ಇನ್ನಷ್ಟು ಬಲ ಸೇರಿಸುವುದು ಸಹಜ ಬುದ್ಧಿ, ಆದರೆ ಅದು ಯಾವಾಗಲೂ ಲಾಭದಾಯಕವಲ್ಲ. ಬ್ಲಿಸ್ಸಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಎಚ್‌ಪಿಯ ಮೂಲಾಂಕ 255, ರಕ್ಷಣೆಯದು ಬರೀ 10. 50ನೇ ಮಟ್ಟದಲ್ಲಿ 252 ಇವಿಯನ್ನು ಎಚ್‌ಪಿಗೆ ಸುರಿದರೆ ಅದು 330ರಿಂದ 362ಕ್ಕೆ ಏರುತ್ತದೆ, ಶೇ. 10ಕ್ಕೂ ಕಡಿಮೆ. ಅಷ್ಟೇ ಇವಿಯನ್ನು ರಕ್ಷಣೆಗೆ ಕೊಟ್ಟರೆ 30 ಇದ್ದದ್ದು 62 ಆಗುತ್ತದೆ, ಎರಡು ಪಟ್ಟಿಗೂ ಮಿಗಿಲು. ಎರಡೂ ಕಡೆ ಸೇರಿದ್ದು 32 ಅಂಕಗಳೇ. ಆದರೆ ದೈಹಿಕ ಪ್ರಹಾರಗಳನ್ನು ತಾಳುವ ಶಕ್ತಿಯಲ್ಲಿ ಅಜಗಜಾಂತರ. ನುರಿತವರು ಬ್ಲಿಸ್ಸಿಯ ರಕ್ಷಣೆಯನ್ನೇ ಮೊದಲು ತುಂಬುವುದು ಈ ಕಾರಣಕ್ಕೆ.

ವೇಗದ ವಿಷಯ ಬೇರೆ. ಅಲ್ಲಿ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಎಂಬುದಿಲ್ಲ. ಒಂದು ಅಂಕ ಮುಂದಿದ್ದರೆ ಮೊದಲ ಏಟು, ಹಿಂದಿದ್ದರೆ ಎರಡನೆಯದು, ಸಮನಾಗಿದ್ದರೆ ಅದೃಷ್ಟದ ಚೀಟಿ. ಗಾರ್‌ಚಾಂಪ್‌ನ ಮೂಲಾಂಕ 102 ಎಂಬುದು ಸ್ಪರ್ಧಾಲೋಕದಲ್ಲಿ ಮನೆಮಾತಾದ ಸಂಖ್ಯೆ. ಏಕೆಂದರೆ ಚಾರಿಜಾರ್ಡ್, ಸಾಲಮೆನ್ಸ್, ಝ್ಯಾಪ್‌ಡೋಸ್, ವೋಲ್ಕರೋನಾ ಮುಂತಾದ ಹಲವು ಪ್ರಬಲರು 100ರಲ್ಲಿ ಗುಂಪಾಗಿ ನಿಂತಿದ್ದಾರೆ. ಅವರ ಗರಿಷ್ಠ ವೇಗ 167. ಅದನ್ನು ಮೀರಲು ಗಾರ್‌ಚಾಂಪ್‌ಗೆ 168 ಸಾಕು, ಅದಕ್ಕೆ ಬೇಕಿರುವುದು 244 ಇವಿ. ಉಳಿದ ಎಂಟನ್ನು ಬೇರೆಡೆ ಹಾಕಿ ಒಂದು ಅಂಕ ಗಿಟ್ಟಿಸಬಹುದು. ಹಾಗೆ ಮಾಡಿದ ಗಾರ್‌ಚಾಂಪ್ 169ರ ಇನ್ನೊಂದು ಗಾರ್‌ಚಾಂಪ್ ಎದುರಾದಾಗ ಖಂಡಿತವಾಗಿ ಹಿಂದೆ ಬೀಳುತ್ತದೆ. ಎದುರಾಳಿಗಳು ಏನನ್ನು ತರಬಹುದು ಎಂಬ ಊಹೆಯೇ ಇಲ್ಲಿ ನಿರ್ಣಾಯಕ. ಇಂಥ ಒಂದು ಅಂಕದ ಜೂಜಿಗಾಗಿ ಪಟುಗಳು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದುಂಟು.

‘ಟ್ರಿಕ್ ರೂಮ್’ ಎಂಬ ತಂತ್ರವಿದ್ದಾಗ ನಿಧಾನವಾದದ್ದೇ ಮೊದಲು ಎರಗುತ್ತದೆ. ಅದನ್ನು ನೆಚ್ಚಿದ ತಂಡಗಳಲ್ಲಿ ವೇಗಕ್ಕೆ ಒಂದೂ ಇವಿ ಸೇರದಂತೆ ಕಾಯುವುದೇ ತರಬೇತಿ. ಶೆಡಿಂಜಾ ಎಂಬ ಪೊಕೆಮಾನ್‌ನ ಎಚ್‌ಪಿ ಏನು ಮಾಡಿದರೂ ಒಂದೇ, ಅದಕ್ಕೆ ಎಚ್‌ಪಿಯಲ್ಲಿ ಕೊಟ್ಟ ಇವಿಯೆಲ್ಲ ವ್ಯರ್ಥ. ಹಳೆಯ ಆಟಗಳನ್ನು ಈಗಲೂ ಆಡುವವರು ಮತ್ತೊಂದನ್ನು ನೆನಪಿಡಬೇಕು. 2006ಕ್ಕೂ ಮುನ್ನ ನೀರಿನ ಪ್ರಹಾರಗಳೆಲ್ಲ ‘ವಿಶೇಷ’ ವರ್ಗಕ್ಕೆ ಸೇರಿದ್ದವು. ದಾಳಿಯಲ್ಲಿ 125ರ ಮೂಲಾಂಕವಿರುವ ಗೈರಾಡೋಸ್‌ಗೆ ದಾಳಿಯ ಇವಿ ತುಂಬಿದರೂ ಅದರ ನೀರಿನ ಪ್ರಹಾರಕ್ಕೆ ಅದರಿಂದ ಕಾಸಿನ ಪ್ರಯೋಜನವಿರಲಿಲ್ಲ.

ಇವಿ ಹಂಚಿಕೆಯ ಮಹತ್ವ ಜನಸಾಮಾನ್ಯ ಆಟಗಾರರ ಗಮನಕ್ಕೆ ಬಂದದ್ದು 2014ರಲ್ಲಿ. ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅನ್ನು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್ ಗೆದ್ದರು. ಅವರ ತಂಡದಲ್ಲಿ ದೈತ್ಯರ ಪಕ್ಕದಲ್ಲಿದ್ದದ್ದು ಪಚಿರಿಸು ಎಂಬ ಪುಟ್ಟ ಅಳಿಲು. ಅದರ ಆರೂ ಮೂಲಾಂಕಗಳ ಮೊತ್ತ 405 ಮಾತ್ರ, ಗಾರ್‌ಚಾಂಪ್‌ನದು 600. ಪಾರ್ಕ್ ಅದರ ಇವಿಯನ್ನು ಎಚ್‌ಪಿ ಮತ್ತು ರಕ್ಷಣೆಗೆ ಸುರಿದಿದ್ದರು. ‘ಫಾಲೋ ಮೀ’ ಎಂಬ ತಂತ್ರದಿಂದ ಎದುರಾಳಿಯ ಪ್ರಹಾರಗಳನ್ನೆಲ್ಲ ತನ್ನತ್ತ ಸೆಳೆದುಕೊಂಡು, ಪಕ್ಕದ ಸಂಗಾತಿ ನಿರಾತಂಕವಾಗಿ ಕಾದಾಡುವಂತೆ ನೋಡಿಕೊಳ್ಳುವುದು ಅಳಿಲಿನ ಕೆಲಸವಾಗಿತ್ತು. ಇವಿ ಇಲ್ಲದ ಪಚಿರಿಸುವಿನ ಎಚ್‌ಪಿ 50ನೇ ಮಟ್ಟದಲ್ಲಿ 135, ತುಂಬಿದಾಗ 167. ನಗೆಪಾಟಲಿಗೆ ಈಡಾಗುತ್ತಿದ್ದ ಪೊಕೆಮಾನ್ ವಿಶ್ವವೇದಿಕೆಯಲ್ಲಿ ನಿಂತದ್ದು ಈ ಅಂಕಗಳ ಬಲದಿಂದ.

ತಪ್ಪಿದ ಲೆಕ್ಕ ಸರಿಪಡಿಸಲು

ಆರಂಭದ ಆಟಗಳಲ್ಲಿ ತಪ್ಪಾಗಿ ಸೇರಿದ ಇವಿಯನ್ನು ಕಳೆಯುವ ದಾರಿಯೇ ಇರಲಿಲ್ಲ. 2004ರ ಎಮರಾಲ್ಡ್ ಆಟ ಆರು ಹಣ್ಣುಗಳಿಗೆ ಆ ಗುಣ ನೀಡಿತು. ಪೊಮೆಗ್ ಹಣ್ಣು ಎಚ್‌ಪಿಯಿಂದ, ಕೆಲ್ಪ್‌ಸಿ ದಾಳಿಯಿಂದ, ಕ್ವಾಲಟ್ ರಕ್ಷಣೆಯಿಂದ, ಹಾಂಡ್ಯೂ ವಿಶೇಷ ದಾಳಿಯಿಂದ, ಗ್ರೆಪಾ ವಿಶೇಷ ರಕ್ಷಣೆಯಿಂದ, ಟಮಾಟೊ ವೇಗದಿಂದ 10 ಇವಿ ಇಳಿಸುತ್ತವೆ. ಹಣ್ಣು ತಿಂದ ಪೊಕೆಮಾನ್‌ನ ಸ್ನೇಹಭಾವ ಹೆಚ್ಚುತ್ತದೆ ಎಂಬುದು ಹೆಚ್ಚುವರಿ ಲಾಭ. 2023ರಲ್ಲಿ ಸ್ಕಾರ್ಲೆಟ್, ವೈಲೆಟ್‌ಗೆ ಸೇರ್ಪಡೆಯಾದ ‘ದಿ ಟೀಲ್ ಮಾಸ್ಕ್’ ವಿಸ್ತರಣೆಯ ‘ಫ್ರೆಶ್ ಸ್ಟಾರ್ಟ್ ಮೋಚಿ’ ಎಂಬ ಸಿಹಿತಿನಿಸು ಎಲ್ಲ ಇವಿಗಳನ್ನೂ ಒಮ್ಮೆಗೇ ಸೊನ್ನೆಗೆ ತರುತ್ತದೆ.

ಮರೆಯಲ್ಲಿದ್ದ ಲೆಕ್ಕ ಬೆಳಕಿಗೆ ಬಂದದ್ದೂ ತಡವಾಗಿಯೇ. ಎಕ್ಸ್ ಮತ್ತು ವೈನ ‘ಸೂಪರ್ ಟ್ರೈನಿಂಗ್’ ಮೊದಲ ಬಾರಿಗೆ ಇವಿಯನ್ನು ಚಿತ್ರರೂಪದಲ್ಲಿ ತೋರಿಸಿತು. ಸನ್ ಮತ್ತು ಮೂನ್‌ನಿಂದ ಪೊಕೆಮಾನ್‌ನ ವಿವರದ ಪುಟದಲ್ಲಿಯೇ ಅದರ ನಕ್ಷೆ ಕಾಣುತ್ತದೆ. ಕಾಗದದ ಗೀಟುಗಳ ಕಾಲ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಅಡ್ಡದಾರಿಯ ಆಕರ್ಷಣೆ ಹೋಗಿಲ್ಲ. ಕಂಪ್ಯೂಟರ್‌ನಲ್ಲಿ ತಂತ್ರಾಂಶದ ನೆರವಿನಿಂದ ಬೇಕಾದ ಪೊಕೆಮಾನ್ ಅನ್ನು ಇವಿ, ಐವಿ ಸಮೇತ ಕ್ಷಣಾರ್ಧದಲ್ಲಿ ಸೃಷ್ಟಿಸಿ ಆಟದೊಳಗೆ ಸೇರಿಸುವವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೀಗೆ ಕೃತಕವಾಗಿ ತಯಾರಿಸಿದ ಪೊಕೆಮಾನ್ ತಂದ ಹಲವು ಸ್ಪರ್ಧಿಗಳನ್ನು ಅನರ್ಹಗೊಳಿಸಲಾಯಿತು. ವಿಶ್ವವೇದಿಕೆಗೆ ಅರ್ಹತೆ ಗಳಿಸಿ, ವಿಮಾನ ಹತ್ತಿ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಪ್ರಾಮಾಣಿಕವಾಗಿ ತಂಡ ಕಟ್ಟಲು ಹಿಡಿಯುವ ಸಮಯವೇ ಇದಕ್ಕೆ ಕಾರಣ ಎಂಬ ವಾದ ಆಗ ಜೋರಾಗಿ ಕೇಳಿಬಂತು. ಅಪರೂಪದ ಪೊಕೆಮಾನ್‌ಗಳನ್ನು ಹಿಡಿಯುವ ಮಟ್ಟಿಗೆ ಆ ವಾದದಲ್ಲಿ ಹುರುಳಿರಬಹುದು. ಹಣ ಕೊಟ್ಟು 52 ಶೀಶೆ ತರಬಹುದಾದ ಕಾಲದಲ್ಲಿ ಇವಿಯ ಮಟ್ಟಿಗಂತೂ ಅದು ನಿಲ್ಲುವುದಿಲ್ಲ.

ಭಾರತದಲ್ಲಿ ಪೊಕೆಮಾನ್ ಪರಿಚಯವಾದದ್ದು ಹೆಚ್ಚಾಗಿ 2003ರಿಂದ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ಮೂಲಕ, ಬಳಿಕ 2016ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಜಿಯೋ ಸಹಯೋಗದಲ್ಲಿ ಬಂದ ‘ಪೊಕೆಮಾನ್ ಗೋ’ ಮೂಲಕ. ಬೆಂಗಳೂರಿನ ಉದ್ಯಾನಗಳಲ್ಲಿ ಮೊಬೈಲ್ ಹಿಡಿದು ಪೊಕೆಮಾನ್ ಅರಸುವವರು ಇಲ್ಲಿನ ಲೆಕ್ಕಗಳನ್ನು ಅಲ್ಲಿ ಹುಡುಕಬೇಕಿಲ್ಲ. ಗೋ ಆಟದಲ್ಲಿರುವುದು 0ಯಿಂದ 15ರವರೆಗಿನ ಹುಟ್ಟುಗುಣದ ಅಂಕಿಗಳು ಮಾತ್ರ, ಅವೂ ದಾಳಿ, ರಕ್ಷಣೆ ಹಾಗೂ ಪ್ರಾಣಶಕ್ತಿ ಎಂಬ ಮೂರಕ್ಕೆ ಸೀಮಿತ. ಇವಿ ಎಂಬುದು ಅಲ್ಲಿಲ್ಲ. ಅಲ್ಲಿ ಝೂಬ್ಯಾಟ್ ಹಿಡಿದವರಿಗೆ ಸಿಗುವುದು ಕ್ಯಾಂಡಿ ಮತ್ತು ಸ್ಟಾರ್‌ಡಸ್ಟ್.